ಗರ್ಭಲಿಂಗಧಾರಣೆಯೂ ತಾಯಿಯ ಆರೋಗ್ಯವೂ

(ಕೊಪ್ಪದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ತಿಂಗಳ ಗೋಷ್ಠಿಯಲ್ಲಿ ಅಷ್ಟಾವರಣಗಳ ಪೈಕಿ ಪಾದೋದಕದ ವಿಚಾರವನ್ನು ಹೇಳುವುದಾಗಿ ಹೋದ ತಿಂಗಳು ತಿಳಿಸಿದ್ದೆವು. ಅದನ್ನು ಮುಂದಕ್ಕೆ ಹಾಕಿದ್ದೇವೆ. ಕಾರಣವನ್ನು ಹೇಳಿಬಿಡುತ್ತೇವೆ. ಕಳೆದ ವಾರ ಮಠಕ್ಕೆ ಒಂದು ಕುಟುಂಬ ಬಂದಿತ್ತು. ಸೊಸೆಗೆ ಎಂಟು ತಿಂಗಳು ತುಂಬುತ್ತಿದೆ, ಗರ್ಭದಲ್ಲಿರುವ ಕೂಸಿಗೆ ಲಿಂಗವನ್ನು ಅನುಗ್ರಹಿಸಬೇಕು ಎಂದು ಬೇಡಿಕೊಂಡರು. ನಾವು "ತಾಯಿ ಕಾರ್ಡು ತಂದಿದ್ದೀರಾ?" ಎಂದು ಕೇಳಿದೆವು. ಮನೆಯ ಯಜಮಾನರಿಗೆ ಅಸಮಾಧಾನವಾಯಿತು. "ಬುದ್ಧೀ, ನಾವು ಬಂದಿರುವುದು ಮಠಕ್ಕೋ ಆಸ್ಪತ್ರೆಗೋ?" ಎಂದು ಕೇಳಿಯೇಬಿಟ್ಟರು. ಅವರು ನಮಗಿಂತ ವಯಸ್ಸಿನಲ್ಲಿ ಹಿರಿಯರು, ಮಠಕ್ಕೆ ಮೂರು ತಲೆಮಾರಿನಿಂದ ನಡೆದುಕೊಂಡವರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಇದೇ ಪ್ರಶ್ನೆ ಇನ್ನೂ ಎಷ್ಟೋ ಜನರ ಮನಸ್ಸಿನಲ್ಲಿ ಇರಬಹುದು. ಆದ್ದರಿಂದ ಉತ್ತರವನ್ನು ತಮ್ಮೆಲ್ಲರ ಸಮ್ಮುಖದಲ್ಲಿಯೇ ಹೇಳುವುದು ಲೇಸೆಂದು ತೋರಿತು.

ನಮ್ಮ ಧರ್ಮದಲ್ಲಿ ದೀಕ್ಷೆಯ ಸಂಸ್ಕಾರವು ಎಲ್ಲಿಂದ ಆರಂಭವಾಗುತ್ತದೆ? ಮಗು ಬುದ್ಧಿ ಬಲಿತು ಮಂತ್ರವನ್ನು ಉಚ್ಚರಿಸುವ ವಯಸ್ಸಿಗೆ ಬಂದಮೇಲೆ ಅಲ್ಲ. ಅದು ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ, ಎಂಟನೆಯ ತಿಂಗಳಿನಲ್ಲಿ, ಗುರುವು ಅದಕ್ಕೆಂದು ಒಂದು ಲಿಂಗವನ್ನು ತಾಯಿಯ ಕೈಗೆ ಕೊಡುತ್ತಾನೆ. ಅಲ್ಲಿಂದ ಮುಂದೆ ಆ ತಾಯಿಯು ತನ್ನ ಇಷ್ಟಲಿಂಗದ ಜೊತೆಯಲ್ಲಿ ಕೂಸಿನ ಲಿಂಗವನ್ನೂ ಪೂಜಿಸುತ್ತಾಳೆ. ಕೂಸಿಗೆ ಕಣ್ಣಿದೆ, ಕಾಣದು. ಕೈಯಿದೆ, ಎತ್ತಲಾರದು. ಅದರ ಪರವಾಗಿ ತಾಯಿಯ ಕೈ ಪೂಜೆ ಮಾಡುತ್ತದೆ. ಬೇರೆ ಯಾರಿಗೂ ಇಲ್ಲದ ಒಂದು ಅಧಿಕಾರ ಇದು. ಮಠದ ಗದ್ದುಗೆಯ ಮೇಲೆ ಕುಳಿತ ನಮಗೂ ಒಂದೇ ಲಿಂಗ, ಎಂಟು ತಿಂಗಳ ಬಸುರಿಗೆ ಎರಡು.

ಈಗ ಯೋಚಿಸಿ ನೋಡಿ. ಗುಡಿಯಲ್ಲಿ ಗರ್ಭಗುಡಿಯೆಂಬ ಮಾತಿದೆ. ಅದರ ಗೋಡೆ ಬಿರುಕು ಬಿಟ್ಟರೆ, ಮಳೆಯ ನೀರು ಸೋರಿದರೆ, ಊರಿನವರೆಲ್ಲ ಚಂದಾ ಎತ್ತಿ ಜೀರ್ಣೋದ್ಧಾರ ಮಾಡಿಸುತ್ತೀರಿ. ಎರಡು ಲಿಂಗಗಳನ್ನು ಹೊತ್ತು ನಡೆದಾಡುವ ಗರ್ಭಗುಡಿಯು ತಮ್ಮ ಮನೆಯ ಒಲೆಯ ಮುಂದೆ ಕುಳಿತಿದೆ. ಅದರ ಮೈಯಲ್ಲಿ ರಕ್ತವೆಷ್ಟಿದೆ, ರಕ್ತದೊತ್ತಡ ಎಷ್ಟಿದೆ ಎಂದು ಕೇಳುವುದು ಮಠದ ಕೆಲಸವಲ್ಲ ಎನ್ನುವುದಾದರೆ ಮಠಕ್ಕೆ ಬೇರೆ ಯಾವ ಕೆಲಸವಿದೆ?

ಹೀಗೆಂದು ಈಗ ಗಟ್ಟಿಯಾಗಿ ಹೇಳುತ್ತಿದ್ದೇವೆ. ಮೊದಲಿನಿಂದ ನಮಗೆ ಈ ತಿಳುವಳಿಕೆ ಇರಲಿಲ್ಲ. ಅದನ್ನು ತಮ್ಮ ಮುಂದೆ ಮುಚ್ಚಿಡಬಾರದು.

ಕೆಲವು ವರ್ಷಗಳ ಹಿಂದಿನ ಮಾತು. ಹೀಗೆಯೇ ಒಂದು ಕುಟುಂಬ ಬಂದಿತು. ಊರಿನ ಹೆಸರು, ಮನೆಯ ಹೆಸರು ಬೇಡ. ಹುಡುಗಿಗೆ ಅದು ಚೊಚ್ಚಲು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಮುಖ ಊದಿಕೊಂಡಿತ್ತು, ಕೈಬೆರಳಿನ ಉಂಗುರ ಕಚ್ಚಿಕೊಂಡಿತ್ತು. "ಮೈದುಂಬಿದೆ, ಗಂಡುಮಗುವೇ ಇರಬೇಕು" ಎಂದು ಬಂದವರಲ್ಲಿ ಯಾರೋ ಹಾಸ್ಯ ಮಾಡಿದರು. ನಾವೂ ನಕ್ಕೆವು. "ಏನಮ್ಮಾ, ಆರೋಗ್ಯವೇ?" ಎಂದು ಕೇಳಿದ್ದು ನಿಜ. ಅದಕ್ಕೆ ಉತ್ತರ ಕೊಟ್ಟವರು ಅತ್ತೆ. ಹುಡುಗಿ ಏನೋ ಹೇಳುವುದಕ್ಕೆ ಬಾಯಿ ತೆರೆದಳು, "ತಲೆನೋವು" ಎಂಬ ಒಂದು ಮಾತು ಕೇಳಿಸಿತು. "ಬಿಸಿಲಿಗೆ ಹಾಗಾಗಿದೆ" ಎಂದು ಅತ್ತೆಯೇ ಮುಗಿಸಿದರು. ನಾವು ಶಾಸ್ತ್ರೋಕ್ತವಾಗಿ ಲಿಂಗವನ್ನು ಅನುಗ್ರಹಿಸಿದೆವು, ಹಣೆಗೆ ವಿಭೂತಿಯಿಟ್ಟು ಫಲತಾಂಬೂಲ ಕೊಟ್ಟು ಕಳುಹಿಸಿದೆವು.

ಹನ್ನೆರಡು ದಿವಸ ಕಳೆದಿತ್ತು. ರಾತ್ರಿ ಎರಡು ಗಂಟೆಯ ಸಮಯದಲ್ಲಿ ಮಠದ ಬಾಗಿಲು ಬಡಿದರು. ಹುಡುಗಿಯನ್ನು ಗೂಡ್ಸ್ ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದರು. ಕೈಕಾಲು ಸೆಟೆದುಕೊಂಡು ಮೈಯೆಲ್ಲ ಅದುರುತ್ತಿತ್ತು. ಹುಣಸೆಮರದ ದಾರಿಯಲ್ಲಿ ಬಂದಳು, ಗಾಳಿ ಸೋಕಿದೆ ಎಂದರು. ನಾವೇನು ಮಾಡಿದೆವು ಗೊತ್ತೇ? ಗದ್ದುಗೆಯ ಮುಂದೆ ಚಾಪೆ ಹಾಸಿ ಮಲಗಿಸಿದೆವು. ವಿಭೂತಿ ಹಚ್ಚಿ ಮಂತ್ರ ಹೇಳಿದೆವು. ಬಾಯಿಗೆ ಪಾದೋದಕವನ್ನು ಬಿಟ್ಟೆವು. ಫಿಟ್ಸ್ ಬಂದವರ ಬಾಯಿಗೆ ಒಂದು ಹನಿ ನೀರನ್ನೂ ಬಿಡಬಾರದು, ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಎರವಾದೀತು ಎಂಬ ಸಾಮಾನ್ಯ ಜ್ಞಾನ, ವ್ಯಾಕರಣ ತರ್ಕಗಳನ್ನು ಹತ್ತಾರು ವರ್ಷ ಓದಿದ ನಮಗೆ ಇರಲಿಲ್ಲ. ಮಠದ ಕಾರಿನ ಚಾಲಕ ಎಸ್.ಎಸ್.ಎಲ್.ಸಿ. ದಾಟದ ಹುಡುಗ. ಅವನು ಎರಡು ಸಲ ಬಂದು "ಬುದ್ಧೀ, ಕಾರು ತೆಗೆಯಲೇ?" ಎಂದು ಕೇಳಿದ. ತಡೆ ಎಂದೆವು. ಅರ್ಧ ಗಂಟೆ ಹೋಯಿತು. ಆಮೇಲೆ ಕಾರಿನಲ್ಲಿ ಕಳುಹಿಸಿದರೆ ದಾರಿಯಲ್ಲಿ ಕಬ್ಬಿನ ಗಾಡಿಗಳ ಸಾಲು. ಕೂಸು ಬದುಕಿತು. ತಾಯಿ ಮರುದಿನ ಮಧ್ಯಾಹ್ನ ಲಿಂಗೈಕ್ಯಳಾದಳು.

ವೈದ್ಯರೊಬ್ಬರು ಆಮೇಲೆ ನಮಗೆ ತಿಳಿಯ ಹೇಳಿದರು. ಅದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಐದು ತಿಂಗಳು ಕಳೆದ ಮೇಲೆ ಕೆಲವು ಗರ್ಭಿಣಿಯರಿಗೆ ರಕ್ತದೊತ್ತಡ ಏರುತ್ತದೆ, ಚೊಚ್ಚಲಿನವರಲ್ಲಿ ಇದು ಹೆಚ್ಚು. ಬಿ.ಪಿ. 140/90ಕ್ಕೆ ಮುಟ್ಟಿದರೆ ಎಚ್ಚರಿಕೆ. ಮುಖ ಕೈಗಳು ಊದಿಕೊಳ್ಳುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಇವು ಅದರ ಲಕ್ಷಣಗಳು. ಕಾಲು ಸ್ವಲ್ಪ ಊದುವುದು ಬಸುರಿಯರಲ್ಲಿ ಸಾಮಾನ್ಯ, ಮುಖ ಊದುವುದು ಹಾಗಲ್ಲ. ಹಿಡಿತ ತಪ್ಪಿದರೆ ಫಿಟ್ಸ್ ಬರುತ್ತದೆ. ಅದನ್ನು ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಎಂಬ ಚುಚ್ಚುಮದ್ದು ಇದೆ, ಬಹಳ ಬೆಲೆಯದೇನೂ ಅಲ್ಲ. ನಮ್ಮ ಮುಂದೆ ಆ ಹುಡುಗಿ ಕುಳಿತಿದ್ದಾಗ ಮುಖ, ಬೆರಳು, ತಲೆನೋವು, ಮೂರು ಲಕ್ಷಣಗಳೂ ನಮಗೆ ಕಂಡಿದ್ದವು. ತೋಳಿಗೆ ಪಟ್ಟಿ ಕಟ್ಟಿ ಐದು ನಿಮಿಷ ಬಿ.ಪಿ. ನೋಡಿದ್ದರೆ ತಿಳಿಯುತ್ತಿತ್ತು.

ಆ ಹೆಣ್ಣು ಕೂಸು ಈಗ ಶಾಲೆಗೆ ಹೋಗುತ್ತಿದೆ. ವರ್ಷಕ್ಕೊಮ್ಮೆ ಅಜ್ಜಿಯ ಕೈ ಹಿಡಿದುಕೊಂಡು ಬಂದು ನಮ್ಮ ಪಾದಕ್ಕೆ ನಮಸ್ಕರಿಸುತ್ತದೆ. ಅದರ ಕೊರಳಿನಲ್ಲಿರುವುದು ಅಂದು ನಾವು ಕೊಟ್ಟ ಲಿಂಗ. ಆ ನಮಸ್ಕಾರವನ್ನು ಸ್ವೀಕರಿಸುವುದು ನಮಗೆ ಸುಲಭವಾಗಿಲ್ಲ. ಮಠದಲ್ಲಿ ನಿಯಮ ಮಾಡಿದ್ದು ಅಲ್ಲಿಂದೀಚೆಗೆ. ಎಂಟನೆಯ ತಿಂಗಳ ಲಿಂಗಕ್ಕೆ ಬರುವವರು ತಾಯಿ ಕಾರ್ಡನ್ನು ತರಬೇಕು, ಪ್ರಶ್ನೆಗೆ ಉತ್ತರವನ್ನು ಬಸುರಿಯೇ ಹೇಳಬೇಕು. ಅತ್ತೆಯವರು ಆ ಹೊತ್ತು ಹೊರಗೆ ಜಗುಲಿಯ ಮೇಲೆ ಕುಳಿತಿರಲಿ, ಮಜ್ಜಿಗೆ ಕಳುಹಿಸಿಕೊಡುತ್ತೇವೆ.

ಇದು ಹೊಸ ಕಾಲದ ಮಾತು, ಹಿರಿಯರ ಕಾಲದಲ್ಲಿ ಇರಲಿಲ್ಲ ಎನ್ನಬೇಡಿ. ಸಂಸ್ಕೃತ ಪಾಠಶಾಲೆಯಲ್ಲಿ ನಾವು ಓದುತ್ತಿದ್ದಾಗ ಚರಕ ಸಂಹಿತೆಯ ಶಾರೀರಸ್ಥಾನವನ್ನು ಸ್ವಲ್ಪ ನೋಡಿದ್ದುಂಟು. ಗರ್ಭಿಣಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದಕ್ಕೆ ಚರಕನು ಒಂದು ಉಪಮೆ ಕೊಡುತ್ತಾನೆ. ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ತುಳುಕದಂತೆ ಹೇಗೆ ಒಯ್ಯುತ್ತೇವೆಯೋ ಹಾಗೆ. ನಾವು ಹುಡುಗರಿದ್ದಾಗ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದೆವೇ ಹೊರತು ಪಾತ್ರೆ ಯಾವುದು, ಹೊರುವವರು ಯಾರು ಎಂದು ಯೋಚಿಸಲಿಲ್ಲ. ಹೊರಬೇಕಾದವರು ಮನೆಯವರು. ನಮ್ಮಲ್ಲಿ ಪಾತ್ರೆಯೇ ತನ್ನನ್ನು ತಾನು ಹೊತ್ತುಕೊಂಡು, ಜೊತೆಗೆ ಹಸುವಿನ ಹುಲ್ಲಿನ ಹೊರೆಯನ್ನೂ ಹೊತ್ತುಕೊಂಡು ನಡೆಯುತ್ತದೆ.

ಆಯುರ್ವೇದವು ಬಸುರಿಯನ್ನು ದೌಹೃದಿನಿ ಎಂದು ಕರೆಯುತ್ತದೆ. ಅಂದರೆ ಎರಡು ಹೃದಯಗಳುಳ್ಳವಳು. ಬಯಕೆಗೆ ಅಲ್ಲಿ ಅಷ್ಟು ಗೌರವ ಸಿಕ್ಕಿರುವುದು ಇದರಿಂದಲೇ, ಬೇಡುವುದು ಎರಡು ಹೃದಯ. ಇನ್ನು ಎಂಟನೆಯ ತಿಂಗಳಿನಲ್ಲಿ ಓಜಸ್ಸು ತಾಯಿಯಿಂದ ಕೂಸಿಗೆ, ಕೂಸಿನಿಂದ ತಾಯಿಗೆ ಓಡಾಡುತ್ತಿರುತ್ತದೆ, ಸ್ಥಿರವಾಗಿರುವುದಿಲ್ಲ ಎಂದು ಚರಕನ ಮತ. ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ನಂಬಿಕೆಯೂ ನಮ್ಮ ಹಳ್ಳಿಗಳಲ್ಲಿದೆ. ಇದು ಸರಿಯಲ್ಲ. ಕೂಸು ಗರ್ಭದಲ್ಲಿ ಹೆಚ್ಚು ದಿವಸ ಇದ್ದಷ್ಟೂ ಅದಕ್ಕೆ ಬಲ ಎಂದು ವೈದ್ಯರು ಹೇಳುತ್ತಾರೆ. ಶಾಸ್ತ್ರವನ್ನು ನಾವು ಗೌರವಿಸುತ್ತೇವೆ, ಎಲ್ಲಿ ಕಂಡದ್ದು ಬೇರೆಯಾಗಿದೆಯೋ ಅಲ್ಲಿ ಕಂಡದ್ದನ್ನೇ ಹೇಳಬೇಕು. ಆದರೆ ಎಂಟನೆಯ ತಿಂಗಳು ಎಚ್ಚರದ ತಿಂಗಳೆಂದು ಪೂರ್ವಿಕರು ಕಂಡುಕೊಂಡದ್ದರಲ್ಲಿ ಹುರುಳಿದೆ. ಆ ಹುಡುಗಿಯ ಕಷ್ಟವೂ ಆ ತಿಂಗಳಿನಲ್ಲಿಯೇ ಕಾಣಿಸಿಕೊಂಡಿತು.

ಒಂದು ಮಾತು ಮರೆಯಬಾರದು. ಗುರುವಿನ ಬಳಿಗೆ ಎಂಟನೆಯ ತಿಂಗಳಿಗೆ ಬನ್ನಿ, ಆಸ್ಪತ್ರೆಗೆ ಮೊದಲನೆಯ ಮೂರು ತಿಂಗಳೊಳಗೇ ಹೋಗಿ. ದೃಷ್ಟಿಯಾದೀತು ಎಂದು ಮೂರು ತಿಂಗಳು ಬಸಿರನ್ನು ಬಚ್ಚಿಡುವವರಿದ್ದೀರಿ. ನೆರೆಮನೆಯವರಿಗೆ ಹೇಳಬೇಡಿ, ಆಶಾ ಕಾರ್ಯಕರ್ತೆಗೆ ಹೇಳಿ. ಕೂಸಿನ ಮಿದುಳು ಬೆನ್ನುಹುರಿಗಳು ರೂಪುಗೊಳ್ಳುವುದು ಆ ಮೊದಲ ವಾರಗಳಲ್ಲಿಯೇ, ಫೋಲಿಕ್ ಆಮ್ಲದ ಮಾತ್ರೆ ಬೇಕಾಗುವುದೂ ಆಗಲೇ.

ಈಗ ಊಟದ ವಿಚಾರ. ಇಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳಬೇಕಾಗಿದೆ. ನಮ್ಮ ಜಿಲ್ಲೆಯಲ್ಲಿ ನೀರಿದೆ, ಗದ್ದೆಯಿದೆ, ಕಬ್ಬಿದೆ, ರಾಗಿಯಿದೆ, ಹಸು ಕಟ್ಟಿದ ಮನೆಗಳಿವೆ. ಆದರೂ ಹೆಣ್ಣುಮಕ್ಕಳಲ್ಲಿ ರಕ್ತವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರ ಪೈಕಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ ಕಂಡುಬಂದಿತು. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು, 7ಕ್ಕಿಂತ ಇಳಿದರೆ ಪ್ರಾಣಾಪಾಯ. ಸುಖಪ್ರಸವದಲ್ಲಿಯೂ ಅರ್ಧ ಲೀಟರಿನವರೆಗೆ ರಕ್ತ ಹೋಗುವುದುಂಟು. ಇದ್ದವಳು ತಡೆದುಕೊಳ್ಳುತ್ತಾಳೆ, ಇಲ್ಲದವಳು ಎಲ್ಲಿಂದ ತರಬೇಕು?

ಇಲ್ಲದ್ದು ಏಕೆ? ಬಸ್ಸಾರು ಮಾಡಿದ ದಿವಸ ತಮ್ಮ ಮನೆಯಲ್ಲಿ ನೋಡಿ. ಸೊಪ್ಪು ಕಾಳು ಬೇಯಿಸಿ ಬಸಿದ ಮೇಲೆ ಪಲ್ಯ ಮೊದಲು ಗಂಡಸರ ತಟ್ಟೆಗೆ, ಆಮೇಲೆ ಮಕ್ಕಳಿಗೆ, ಆಮೇಲೆ ಅತ್ತೆಮಾವಂದಿರಿಗೆ. ಸೊಸೆಯ ತಟ್ಟೆಗೆ ಬರುವಾಗ ಮುದ್ದೆಯಿದೆ, ಸಾರಿನ ತಿಳಿಯಿದೆ, ಪಲ್ಯದ ಬಟ್ಟಲು ಬರಿದು. ತಾವು ಮಠಕ್ಕೆ ಅಕ್ಕಿ ಬೇಳೆಯ ಮೂಟೆ ಹೊತ್ತು ತಂದು ದಾಸೋಹ ಮಾಡಿದೆವೆಂದು ಸಂತೋಷಪಡುತ್ತೀರಿ. ನಾವೂ ಸ್ವೀಕರಿಸುತ್ತೇವೆ. ಇನ್ನು ಮುಂದೆ ಬಸುರಿ ಇರುವ ಮನೆಯಲ್ಲಿ ಮೊದಲ ತಟ್ಟೆ ಅವಳದು. ಅದು ದಾಸೋಹ. ಅದನ್ನು ಮಾಡದೆ ತಂದ ಮೂಟೆ ನಮಗೆ ಬೇಡ.

ಬಸುರಿ ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅರೆಹೊಟ್ಟೆಯಲ್ಲಿ ಇಡುವವರೂ ಇದ್ದಾರೆ. ಬಡಕಲು ಕೂಸು ಹುಟ್ಟಿ ನರಳುವುದು ಸುಲಭವೇ? ರಾಗಿ, ಹೆಸರುಕಾಳು, ಹುರುಳಿ, ನುಗ್ಗೆಸೊಪ್ಪು, ದಂಟಿನ ಸೊಪ್ಪು, ಕಡಲೆಕಾಯಿ, ಬೆಲ್ಲ ಇವೆಲ್ಲ ಮನೆಯಲ್ಲಿಯೇ ಇರುವ ವಸ್ತುಗಳು. ನಮ್ಮದು ಸಸ್ಯಾಹಾರವಾದ್ದರಿಂದ ಹಾಲು ಮೊಸರು ತಪ್ಪಬಾರದು, ಡೈರಿಗೆ ಹಾಕುವುದಕ್ಕಿಂತ ಮೊದಲು ಅವಳ ಲೋಟ ತುಂಬಲಿ. 2017ರಲ್ಲಿ ಸರ್ಕಾರವು ಮಾತೃಪೂರ್ಣ ಎಂಬ ಯೋಜನೆಯನ್ನು ತಂದು ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯ ಮೂಲಕ ಆಹಾರ ಒದಗಿಸಿತು. ಅದರಲ್ಲಿ ಮೊಟ್ಟೆ ಕೊಡುತ್ತಾರೆಂದು ನಮ್ಮ ಕೆಲವು ಮನೆಗಳವರು ಸೊಸೆಯನ್ನು ಅತ್ತ ಕಳುಹಿಸಲಿಲ್ಲವೆಂದು ಕೇಳಿದ್ದೇವೆ. ಮೊಟ್ಟೆ ತಿನ್ನದವರು ಅದನ್ನು ಬಿಡಿ, ಉಳಿದದ್ದನ್ನು ಏಕೆ ಬಿಡಬೇಕು? ತಿನ್ನುವವರನ್ನು ಆಡಿಕೊಳ್ಳುವುದೂ ಬೇಡ.

ಆದರೂ ಊಟವೊಂದರಿಂದ ಕೊರತೆ ನೀಗುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು 180 ದಿವಸ ತಪ್ಪದೆ ನುಂಗಬೇಕು. ಮಲ ಕಪ್ಪಾಯಿತು, ಹೊಟ್ಟೆ ತೊಳಸಿತು ಎಂದು ಬಿಟ್ಟುಬಿಡುತ್ತಾರೆ. ಕಪ್ಪಾಗುವುದು ಸಹಜ, ಹೆದರಬೇಕಾದ್ದಿಲ್ಲ. ಕಾಫಿ ಟೀ ಜೊತೆಯಲ್ಲಿಯೂ ಹಾಲಿನ ಜೊತೆಯಲ್ಲಿಯೂ ನುಂಗಬಾರದು, ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆಗೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ನಾವು ಮಾತ್ರೆಯ ವಿಚಾರ ಹೇಳುವಾಗ ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ನಗಿ, ಆದರೆ ನೆನಪಿಟ್ಟುಕೊಳ್ಳಿ.

ಉಪವಾಸದ ಬಗ್ಗೆ ನಾವೇ ಹೇಳಬೇಕು, ವೈದ್ಯರು ಹೇಳಿದರೆ ತಾವು ಕೇಳುವುದಿಲ್ಲ. ಶ್ರಾವಣ ಸೋಮವಾರವಾಗಲಿ, ಶಿವರಾತ್ರಿಯಾಗಲಿ, ಬಸುರಿಯರಿಗೂ ಹಾಲೂಡಿಸುವ ತಾಯಂದಿರಿಗೂ ಉಪವಾಸವಿಲ್ಲ. ವ್ರತಭಂಗವಾಯಿತೆಂಬ ಶಂಕೆ ಇದ್ದರೆ ಅದು ನಮ್ಮ ತಲೆಯ ಮೇಲಿರಲಿ. ಹಾಗೆಯೇ ಮಲೆ ಮಹದೇಶ್ವರನ ಬೆಟ್ಟಕ್ಕೆ ನಮ್ಮ ಕಡೆಯಿಂದ ಸಾವಿರಾರು ಮಂದಿ ಕಾಲ್ನಡಿಗೆಯಲ್ಲಿ ಹೋಗುತ್ತೀರಿ. ಹರಕೆ ಹೊತ್ತದ್ದೆಂದು ಆರೇಳು ತಿಂಗಳ ಬಸುರಿ ನಡೆಯಬೇಕಾಗಿಲ್ಲ. ಸಂಕಮ್ಮನ ಕಥೆಯನ್ನು ಕಂಸಾಳೆಯವರ ಬಾಯಲ್ಲಿ ಕೇಳಿದ್ದೀರಿ. ಗಂಡನ ಅನುಮಾನದಿಂದ ನೊಂದ ಹೆಣ್ಣು ಇದ್ದಲ್ಲಿಗೆ ಮಾದಪ್ಪನೇ ಹೋದ, ಅವಳನ್ನು ಬೆಟ್ಟ ಹತ್ತಿ ಬಾ ಎನ್ನಲಿಲ್ಲ. ಆ ಕಥೆ ಹೇಳುತ್ತಿರುವಾಗಲೇ ಇನ್ನೊಂದು ಮಾತು ಬರುತ್ತದೆ. ಬಸುರಿಯ ಮನಸ್ಸಿಗೆ ಚುಚ್ಚುಮಾತು, ಅನುಮಾನ, ಹೊಡೆತ ಇವು ತಗಲಿದರೆ ಎರಡು ಹೃದಯಗಳಿಗೂ ತಗಲುತ್ತವೆ. ಕುಡಿದು ಬರುವ ಗಂಡಂದಿರು ಇಲ್ಲಿಯೂ ಇದ್ದೀರಿ, ಹೆಸರು ಹೇಳುವುದಿಲ್ಲ.

ಕಾಯಕವೇ ಕೈಲಾಸವೆಂಬ ಮಾತನ್ನು ಸೊಸೆಯ ಮೇಲೆ ಪ್ರಯೋಗಿಸುವವರೂ ಇದ್ದಾರೆ. ಬಸುರಿ ಕೈಕಟ್ಟಿ ಕುಳಿತಿರಬೇಕೆಂದು ನಾವು ಹೇಳುವುದಿಲ್ಲ. ನೀರಿನ ಕೊಡ, ಹುಲ್ಲಿನ ಹೊರೆ, ಗೊಬ್ಬರದ ಪುಟ್ಟಿ ಇವನ್ನು ಹೊರಿಸಬೇಡಿ. ಮಧ್ಯಾಹ್ನ ಎರಡು ಗಂಟೆ ಎಡಮಗ್ಗುಲಾಗಿ ಮಲಗಲಿ. ಕಬ್ಬು ಕಡಿಯುವ ಕಾಲದಲ್ಲಿ ಹೊರ ಜಿಲ್ಲೆಗಳಿಂದ ಬಂದು ಗುಡಿಸಲು ಹಾಕಿಕೊಳ್ಳುವವರಲ್ಲಿಯೂ ಬಸುರಿಯರಿರುತ್ತಾರೆ. ಅವರನ್ನು ಕೇಳುವವರಿಲ್ಲ. ತಮ್ಮ ಗದ್ದೆಯಲ್ಲಿ ದುಡಿಯುವವಳು ತಮ್ಮ ಮನೆಯವಳೇ ಎಂದು ತಿಳಿದು ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿ.

ಹೆರಿಗೆಯ ನಂತರದ ಮಾತೂ ಇದರ ಜೊತೆಗೇ ಸೇರಿದೆ. ಬಸವಾದಿ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅದರಲ್ಲಿ ಜನನಸೂತಕವೂ ಒಂದು. ಹೀಗಿರುವಾಗ ಲಿಂಗವಂತರ ಮನೆಯಲ್ಲಿಯೇ ಬಾಣಂತಿಯನ್ನು ಕತ್ತಲೆಯ ಕೋಣೆಯಲ್ಲಿ ಹೊಗೆ ಹಾಕಿ ಕೂರಿಸುವುದು, ನೀರು ಕೊಡದಿರುವುದು, ಮೊದಲ ಹಾಲನ್ನು ಹಿಂಡಿ ಚೆಲ್ಲುವುದು ಎಲ್ಲಿಂದ ಬಂತು? ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಹಾಲು ಕೊಡಬೇಕು, ಆ ಹಳದಿ ಹಾಲೇ ಕೂಸಿಗೆ ಮೊದಲ ರಕ್ಷೆ. 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಸೂತಕವೆಂದು ಬಾಣಂತಿಯನ್ನು ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದರು, ಮಳೆ ಚಳಿಯಲ್ಲಿ ಎಳೆಗೂಸು ತೀರಿಕೊಂಡಿತು. ಪತ್ರಿಕೆಯಲ್ಲಿ ಓದಿ ಅವರನ್ನು ಹಳಿದವರು ನಮ್ಮ ಮನೆಯ ಕತ್ತಲೆಯ ಕೋಣೆಯ ಕಡೆಗೂ ತಿರುಗಿ ನೋಡಬೇಕು.

ಇನ್ನೊಂದು ವಿಷಯವನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಹೇಳಲೇಬೇಕು. ಗರ್ಭಕ್ಕೆ ಲಿಂಗವನ್ನು ಕೊಡುವಾಗ ಗುರುವು ಒಳಗಿರುವುದು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಗಂಡಿಗೊಂದು ಲಿಂಗ, ಹೆಣ್ಣಿಗೊಂದು ಲಿಂಗ ಎಂದು ನಮ್ಮಲ್ಲಿ ಇಲ್ಲ. ಆದರೆ 2023ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಒಂದು ಜಾಲವನ್ನು ಹಿಡಿದಾಗ ಹೊರಗೆ ಬಂದದ್ದೇನು? ನಮ್ಮ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದರು, ಹೆಣ್ಣೆಂದು ತಿಳಿದರೆ ತೆಗೆಸುತ್ತಿದ್ದರು. ಆಲೆಮನೆ! ಮೊದಲ ಬೆಲ್ಲವನ್ನು ದೇವರಿಗೆ ಇಟ್ಟು ಪೂಜೆ ಮಾಡುವ ಜಾಗ. 1994ರ ಕಾಯಿದೆಯ ಪ್ರಕಾರ ಇದು ಅಪರಾಧವೆಂದು ಎಲ್ಲರಿಗೂ ಗೊತ್ತು. ನಾವು ಕಾಯಿದೆಯ ಮಾತನ್ನು ಬಿಟ್ಟು ಹೇಳುತ್ತೇವೆ: ಲಿಂಗ ಪಡೆಯಬೇಕಾದ ಜೀವವನ್ನು ತೆಗೆಸಿ ಬಂದ ಕೈ ನಮ್ಮ ಪಾದಕ್ಕೆ ಬೇಡ. ಗಂಡುಮಗುವಾಗಲಿ ಎಂದು ಆಶೀರ್ವಾದ ಮಾಡಿ ಎಂದು ಕೇಳುವವರಿಗೂ ಇಂದಿನಿಂದ ಒಂದೇ ಉತ್ತರ. ತಾಯಿಗೆ ಮಗುವಾಗಲಿ, ಮಗುವಿಗೆ ತಾಯಿ ಉಳಿಯಲಿ, ಅಷ್ಟೇ ನಾವು ಹರಸುವುದು.

ಆ ಹಿರಿಯರ ವಿಷಯಕ್ಕೆ ಬರೋಣ. ಮುನಿಸಿಕೊಂಡು ಹೋದವರು ಮರುದಿನವೇ ಕಾರ್ಡು ಹಿಡಿದು ಬಂದರು. ತೆರೆದು ನೋಡಿದರೆ ಐದನೆಯ ತಿಂಗಳಿನಿಂದ ಈಚೆಗೆ ಒಂದು ಅಕ್ಷರವೂ ಬರೆದಿರಲಿಲ್ಲ. ಅಂದೇ ಮಠದ ಕಾರಿನಲ್ಲಿ ಆ ತಾಯಿಯನ್ನು ಆಸ್ಪತ್ರೆಗೆ ಕಳುಹಿಸಿದೆವು. ರಕ್ತ 7.4 ಇತ್ತು. ದಾಖಲು ಮಾಡಿಕೊಂಡು ಕಬ್ಬಿಣಾಂಶವನ್ನು ರಕ್ತನಾಳದ ಮೂಲಕ ಕೊಡುತ್ತಿದ್ದಾರೆ. ಹಿರಿಯರು ಇಲ್ಲಿಯೇ ಕುಳಿತಿದ್ದಾರೆ, ಅವರ ಅಪ್ಪಣೆ ಪಡೆದೇ ಇದನ್ನು ಹೇಳಿದ್ದೇವೆ. ಆ ಕೂಸಿಗೆ ಕೊಡಬೇಕಾದ ಲಿಂಗ ನಮ್ಮ ಬಳಿಯಿದೆ. ನಾಳೆ ನಾವೇ ವಾರ್ಡಿಗೆ ಹೋಗಿ ಕೊಟ್ಟು ಬರುತ್ತೇವೆ.

ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರ ತಪಾಸಣೆ ಉಚಿತವಾಗಿ ನಡೆಯುತ್ತದೆ. 2016ರಿಂದ ಈ ವ್ಯವಸ್ಥೆ ಇದೆ. ಅಂದು ಬೆಳಿಗ್ಗೆ ಮಠದ ಕಾರು ಬಾಗಿಲಲ್ಲಿ ನಿಂತಿರುತ್ತದೆ, ಬರುವವರು ಎಂಟು ಗಂಟೆಯೊಳಗೆ ಬನ್ನಿ. ರಾತ್ರಿಯ ಹೊತ್ತು ತಲೆನೋವು, ರಕ್ತಸ್ರಾವ, ಫಿಟ್ಸ್ ಏನೇ ಆಗಲಿ, ಕೂಸಿನ ಮಿಸುಕಾಟ ಕಡಿಮೆಯಾಗಲಿ, ಮಠದ ಬಾಗಿಲು ಬಡಿಯಬೇಡಿ, 108ಕ್ಕೆ ಕರೆ ಮಾಡಿ. ಗಾಡಿ ತಡವಾದರೆ ಚಾಲಕನಿಗೆ ಫೋನು ಮಾಡಿ. ಅವನು ನಮ್ಮನ್ನು ಕೇಳದೆ ಕಾರು ತೆಗೆಯಬೇಕೆಂದು ಅವನಿಗೆ ಅಪ್ಪಣೆಯಾಗಿದೆ.

ಮಂಗಳಾರತಿಗೆ ಇನ್ನೂ ಸಮಯವಿದೆ. ಬಲಗಡೆ ಕಂಬದ ಹತ್ತಿರ ಮೂವರು ಬಸುರಿ ತಾಯಂದಿರು ಬಹಳ ಹೊತ್ತಿನಿಂದ ನೆಲದ ಮೇಲೆ ಕುಳಿತಿದ್ದಾರೆ. ಅವರು ಕಾಯಬೇಕಾಗಿಲ್ಲ. ಮೊದಲ ಪಂಕ್ತಿ ಅವರದು, ಏಳಲಿ. ಬಡಿಸುವವರು ಪಲ್ಯವನ್ನು ಅವರಿಂದಲೇ ಆರಂಭಿಸಿ.